ಚಾರ್ಜ್ ಹಾಕಿದ್ದಾರೆ ಅಂದ್ರೆ ಏನು ಸರ್?

ಬೆಳಗ್ಗೆ 11 ಗಂಟೆಯ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಮೇಕಪ್ ಕೂಡ ಒರೆಸಿಕೊಂಡಿರಲಿಲ್ಲ. ರಿಸೆಪ್ಷನ್‌ನಲ್ಲಿ ಕೂರುವ ಹುಡುಗ ಓಡಿ ಬಂದ. "ಸರ್, ಯಾರೋ ಒಬ್ಬರು ಆಗಲೇ ನಾಲ್ಕು ಸಲ ಫೋನ್ ಮಾಡಿದ್ರು. ನಿಮ್ಮ ಹತ್ರಾನೇ ಮಾತಾಡಬೇಕಂತೆ."

ನ್ಯೂಸ್ ಓದುವವರಿಗೆ ಇಂಥ ಫೋನ್ ಹೊಸದೇನಲ್ಲ. ಒಬ್ಬರು ಟೈ ಬಣ್ಣ ಚೆನ್ನಾಗಿಲ್ಲ ಅಂತಾರೆ, ಇನ್ನೊಬ್ಬರು ನಮ್ಮೂರಿನ ರಸ್ತೆ ತೋರಿಸಿ ಅಂತಾರೆ. ಆದರೆ ಅವತ್ತು ಮಾತಾಡಿದ್ದು ಒಬ್ಬ ಹೆಣ್ಣುಮಗಳು. ದನಿ ನಡುಗುತ್ತಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ಸರ್, ಈಗ ಸಹಕಾರ ಸಂಘದ ದುಡ್ಡಿನ ಕೇಸು ಓದಿದ್ರಲ್ಲ, ಅದರಲ್ಲಿ ನಾಲ್ಕನೇ ಹೆಸರು ನಮ್ಮಪ್ಪಂದು. ಪೊಲೀಸ್ನೋರು ಚಾರ್ಜ್ ಹಾಕಿದ್ದಾರೆ, ಅದು ನಿಜ. ಆದ್ರೆ ನಿಮ್ಮ ಟಿವಿಯಲ್ಲಿ ಕೆಳಗಡೆ 'ಆರೋಪ ಸಾಬೀತು' ಅಂತ ಓಡ್ತಾ ಇದೆ. ಸಾಬೀತು ಮಾಡಿದ್ಯಾರು ಸರ್? ನಮ್ಮಪ್ಪ ಇನ್ನೂ ಕೋರ್ಟ್ ಮೆಟ್ಟಿಲೇ ಹತ್ತಿಲ್ಲ. ಚಾರ್ಜ್ ಹಾಕಿದ್ದಾರೆ ಅಂದ್ರೆ ಏನು ಸರ್? ಅಷ್ಟಕ್ಕೇ ಕಳ್ಳ ಅಂತಾನಾ?"

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಯಾಕೆ ಅಂದ್ರೆ ಆ ಸಾಲು ಬರೀ ಕೆಳಗಡೆ ಓಡಿದ್ದಲ್ಲ, ನಾನೂ ಅದನ್ನು ಬಾಯಿ ತುಂಬಾ ಓದಿದ್ದೆ.

ಆಗಿದ್ದೇನು ಅಂತ ವಿಚಾರಿಸಿದೆ. ಜಿಲ್ಲಾ ವರದಿಗಾರರು ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದ್ದರು: "ನಾಲ್ವರ ಮೇಲೆ ಚಾರ್ಜ್ ಆಯ್ತು, ಬೇಗ ಹಾಕಿ." ಡೆಸ್ಕ್‌ನಲ್ಲಿದ್ದ ಹೊಸ ಹುಡುಗನಿಗೆ 'ಚಾರ್ಜ್ ಆಯ್ತು' ಅಂದ್ರೆ ಕೋರ್ಟಲ್ಲಿ ಏನೋ ತೀರ್ಮಾನ ಆಯ್ತು ಅಂತ ಅನ್ನಿಸಿದೆ. 'ಆರೋಪ ಸಾಬೀತು' ಅಂತ ಬರೆದ. ಮೇಲಿನವರು ನೋಡಲಿಲ್ಲ. ಟೆಲಿಪ್ರಾಂಪ್ಟರ್‌ನಲ್ಲಿ ಬಂದಿದ್ದನ್ನ ನಾನು ಓದಿದೆ. ಹುಡುಗನನ್ನು ಬೈಯೋಕೆ ನನಗೆ ಮುಖ ಇರಲಿಲ್ಲ. ಅವನು ಬರೆದಿದ್ದು ಒಂದು ಸಲ, ನಾನು ಓದಿದ್ದು ಲಕ್ಷಾಂತರ ಮನೆಯೊಳಗೆ ನಿಂತು.

ಅವತ್ತು ರಾತ್ರಿ ಮನೆಗೆ ಹೋಗಿ ಇಂಗ್ಲಿಷ್ ಡಿಕ್ಷನರಿ ತೆಗೆದೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಇರುತ್ತಾ ಅಂತ ತಲೆ ತಿರುಗಿತು. ಇದೊಂದೇ ಅಲ್ಲ ಬಿಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಅನ್ನೋ ಮೂರಕ್ಷರದ ಪದಕ್ಕೆ. ಇಂಗ್ಲಿಷಿನಲ್ಲಿ ಪದ ಚಿಕ್ಕದಾದಷ್ಟೂ ಕಾಟ ಜಾಸ್ತಿ. ಆದರೆ 'ಸೆಟ್' ತಪ್ಪಾದ್ರೆ ಯಾರ ಮಾನವೂ ಹೋಗಲ್ಲ. 'ಚಾರ್ಜ್' ಹಾಗಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ನಾಲ್ಕು ವರ್ಷ ನನ್ನ ಪಾಲಿಗೆ ಚಾರ್ಜ್ ಅಂದ್ರೆ ಒಂದೇ ಅರ್ಥ: ಸಮೀಕರಣದಲ್ಲಿ ಬರುವ 'ಕ್ಯೂ', ಅಳೆಯೋದು ಕೂಲಂಬ್‌ನಲ್ಲಿ. ಅದೇ ಹೊತ್ತಿಗೆ ನನ್ನ ಅಮ್ಮನಿಗೆ ಚಾರ್ಜ್ ಅಂದ್ರೆ ಬಸ್ಸಿನ ಟಿಕೆಟ್ ದುಡ್ಡು. "ಚಾರ್ಜಿಗೆ ಇಟ್ಕೊಂಡಿದೀಯೇನೋ?" ಅಂತ ಕೇಳಿ ಕೈಗೆ ಐವತ್ತು ರೂಪಾಯಿ ತುರುಕೋರು. ಈಗ ಅದೇ ಅಮ್ಮ "ಚಾರ್ಜಿಗೆ ಹಾಕಿದೀಯೇನೋ?" ಅಂದ್ರೆ ಮೊಬೈಲು. ನಮ್ಮ ಚಿಕ್ಕಪ್ಪ ಸರ್ಕಾರಿ ನೌಕರರು. ಅವರ ಪ್ರಕಾರ ಚಾರ್ಜ್ ಅಂದ್ರೆ ವರ್ಗಾವಣೆಯಾದ ಮೇಲೆ 'ತಗೊಳ್ಳೋದು', ಹೋಗುವಾಗ 'ಕೊಡೋದು'. ನಮ್ಮ ಕ್ರೈಂ ವರದಿಗಾರನಿಗೆ ಎರಡೇ ಚಾರ್ಜ್ ಗೊತ್ತು: ಒಂದು ಶೀಟು, ಇನ್ನೊಂದು ಲಾಠಿ.

ಇಷ್ಟಕ್ಕೆಲ್ಲ ಮೂಲ ಎಲ್ಲಿದೆ ಗೊತ್ತಾ? ಒಂದು ಗಾಡಿಯಲ್ಲಿ.

ಲ್ಯಾಟಿನ್‌ನಲ್ಲಿ 'ಕಾರುಸ್' ಅಂದ್ರೆ ಗಾಡಿ, ಬಂಡಿ. ಅದರಿಂದ 'ಕಾರಿಕಾರೆ', ಅಂದ್ರೆ ಗಾಡಿಗೆ ಮಾಲು ಹೇರೋದು. ಅದು ಹಳೇ ಫ್ರೆಂಚಿಗೆ ಬಂದು ರೂಪ ಬದಲಿಸಿಕೊಂಡು, ಅಲ್ಲಿಂದ ಇಂಗ್ಲಿಷಿಗೆ 'ಚಾರ್ಜ್' ಆಗಿ ಇಳಿಯಿತು. ನಾವು ಓಡಿಸುವ ಕಾರು, ವಿಮಾನದಲ್ಲಿ ಬರುವ ಕಾರ್ಗೋ, ಹೊತ್ತೊಯ್ಯೋ 'ಕ್ಯಾರಿ', ಎಲ್ಲ ಅದೇ ಮನೆತನ. ಪತ್ರಿಕೆಯಲ್ಲಿ ರಾಜಕಾರಣಿಗಳ ಮೂಗು ಉದ್ದ ಮಾಡಿ ಬರೀತಾರಲ್ಲ, ಆ 'ಕ್ಯಾರಿಕೇಚರ್' ಕೂಡ ಇಟಲಿ ಭಾಷೆಯ ದಾರಿಯಲ್ಲಿ ಬಂದ ನೆಂಟ. ಮುಖಕ್ಕೆ ಇರುವುದಕ್ಕಿಂತ ಜಾಸ್ತಿ ಹೇರಿದ ಚಿತ್ರ ಅಂತ.

ಅಂದ್ರೆ ಚಾರ್ಜ್‌ನ ಮೂಲ ಅರ್ಥ ಹೊರೆ. ಈ ಒಂದು ಕೀಲಿಕೈ ಇಟ್ಟುಕೊಂಡು ನೋಡಿ, ಎಲ್ಲ ಬೀಗವೂ ತೆಗೆಯುತ್ತೆ. ಜೇಬಿನ ಮೇಲೆ ಹೊರೆ ಹಾಕಿದ್ರೆ ಶುಲ್ಕ. ಹೆಗಲ ಮೇಲೆ ಹಾಕಿದ್ರೆ ಹೊಣೆ. ಬಂದೂಕಿನೊಳಗೆ ತುಂಬಿದ್ರೆ ಮದ್ದು. ಶತ್ರುವಿನ ಮೇಲೆ ಇಡೀ ಭಾರ ಹಾಕಿ ಬಿದ್ದರೆ ದಾಳಿ. ಮನುಷ್ಯನ ಹೆಸರಿನ ಮೇಲೆ ಹಾಕಿದ್ರೆ ಆರೋಪ.

ನಮ್ಮ ಭಾಷೆ ಇದನ್ನ ಇಂಗ್ಲಿಷಿನಿಂದ ಕಲಿಯಬೇಕಾಗಿರಲಿಲ್ಲ. 'ಆರೋಪ' ಅನ್ನೋ ಸಂಸ್ಕೃತ ಪದವನ್ನೇ ತಗೊಳ್ಳಿ. ಧ್ವಜಾರೋಹಣದ 'ಆರೋಹಣ', ಸಂಗೀತದ ಆರೋಹಣ-ಅವರೋಹಣ, ಇವೆಲ್ಲ ಹುಟ್ಟಿದ ಧಾತುವಿನಿಂದಲೇ ಅದೂ ಹುಟ್ಟಿದ್ದು. ಆರೋಹಣ ಅಂದ್ರೆ ಹತ್ತುವುದು, ಆರೋಪ ಅಂದ್ರೆ ಹತ್ತಿಸುವುದು, ಮೇಲೆ ಇಡುವುದು. ಕನ್ನಡದವರು ಅದಕ್ಕೆ ಇನ್ನೊಂದು ಕ್ರಿಯಾಪದ ಸೇರಿಸಿ 'ಆರೋಪ ಹೊರಿಸಿದರು' ಅಂತೀವಿ. ಒಂದೇ ಮೂಟೆಯನ್ನ ಎರಡು ಸಲ ಹೇರಿದ ಹಾಗೆ. ತಪ್ಪು ಹೊರಿಸು, ಅಪವಾದ ಹೊರಿಸು, ಹೊಣೆ ಹೊರು, ಎಲ್ಲದರಲ್ಲೂ ಆ ಮೂಟೆ ಇದೆ. ಸರ್ಕಾರಿ ಭಾಷೆಯಲ್ಲಿ 'ಪ್ರಭಾರ ಪ್ರಾಂಶುಪಾಲರು', 'ಹೆಚ್ಚುವರಿ ಪ್ರಭಾರ' ಅಂತ ಬರೀತಾರಲ್ಲ, ಅಲ್ಲಿ 'ಭಾರ' ಹೆಸರಿನೊಳಗೇ ಕೂತಿದೆ. ಪದ ಕಟ್ಟಿದವರಿಗೆ ಒಂದು ನಮಸ್ಕಾರ.

ಆದರೆ ಎಲ್ಲ ಕಡೆ ಹೀಗೆ ಸಲೀಸಲ್ಲ. ದುಡ್ಡಿನ ವಿಷಯಕ್ಕೆ ಬಂದ್ರೆ ಇಂಗ್ಲಿಷಿನವರು ಒಂದೊಂದಕ್ಕೂ ಬೇರೆ ಪದ ಇಟ್ಟುಕೊಂಡಿದ್ದಾರೆ. ಪ್ರಯಾಣಕ್ಕೆ ಕೊಡೋದು ಫೇರ್. ಡಾಕ್ಟರಿಗೆ, ವಕೀಲರಿಗೆ ಕೊಡೋದು ಫೀ. ರಸ್ತೆಗೆ ಟೋಲ್, ಮನೆಗೆ ರೆಂಟ್. ನಮ್ಮಲ್ಲೂ ಬಾಡಿಗೆ, ಕೂಲಿ, ಸುಂಕ, ಶುಲ್ಕ, ದರ ಅಂತ ಬೇಕಾದಷ್ಟಿವೆ. ಆದ್ರೂ ಬಾಯಿಗೆ ಬರೋದು ಬಸ್ ಚಾರ್ಜ್, ಆಟೋ ಚಾರ್ಜ್, ಡಾಕ್ಟ್ರು ಚಾರ್ಜ್. ಬಾಯಲ್ಲಿ ಬಂದ್ರೆ ನನಗೇನೂ ತಕರಾರಿಲ್ಲ. ಮೋಸ ಆಗೋದು ಬಿಲ್ಲಿನಲ್ಲಿ.

ಹೋಟೆಲ್ ಬಿಲ್ಲಿನ ಕೊನೆಯಲ್ಲಿ 'ಸರ್ವಿಸ್ ಚಾರ್ಜ್' ಅಂತ ಒಂದು ಸಾಲು ನೋಡಿರ್ತೀರಿ. ಹಿಂದೆ 'ಸರ್ವಿಸ್ ಟ್ಯಾಕ್ಸ್' ಅಂತ ಒಂದಿತ್ತು, ಜಿಎಸ್‌ಟಿ ಬಂದ ಮೇಲೆ ಹೋಯ್ತು. ಹೆಸರು ಹತ್ತಿರ ಇರೋದ್ರಿಂದ ಎಷ್ಟೋ ಜನ ಇದೂ ಸರ್ಕಾರದ ತೆರಿಗೆ ಅಂದ್ಕೊಂಡು ಸುಮ್ಮನೆ ಕೊಡ್ತಾರೆ. ಅದು ತೆರಿಗೆ ಅಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಹೋಟೆಲಿನವರು ಬಿಲ್ಲಿನಲ್ಲಿ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ ಅಂತ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನ ಎತ್ತಿಹಿಡಿಯಿತು. ಇಷ್ಟಾದ್ರೂ ಒಂದು ಸಲ ನಾನು "ಇದು ಬೇಡ, ತೆಗೀರಿ" ಅಂದಾಗ ಆ ಕ್ಯಾಷಿಯರ್ ನನ್ನ ನೋಡಿದ ನೋಟ ಇನ್ನೂ ಮರೆತಿಲ್ಲ. ಆರೋಪಿಯನ್ನ ನೋಡೋ ನೋಟ.

ಮನೆಗೆ ಬರೋ ಕರೆಂಟ್ ಬಿಲ್ ಇನ್ನೂ ಸ್ವಾರಸ್ಯ. ಅಲ್ಲಿ ಎರಡು ಚಾರ್ಜ್ ಇರುತ್ತೆ. ಒಂದು ಬಳಸಿದ ಯೂನಿಟ್ಟಿಗೆ. ಇನ್ನೊಂದು 'ಫಿಕ್ಸೆಡ್ ಚಾರ್ಜ್', ಅಂದ್ರೆ ನಿಗದಿತ ಶುಲ್ಕ. ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋಗಿದ್ರೂ ಅದು ಬರುತ್ತೆ. ಯಾಕೆ? ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಮಂಜೂರಾಗಿರೋ 'ಲೋಡ್' ಲೆಕ್ಕದಲ್ಲಿ ಅದನ್ನ ಹಾಕೋದು. ನೋಡಿ, ಹೊರೆ ಮತ್ತೆ ಬಂತು. ಇನ್ನೊಂದು ತಮಾಷೆ: ಕರೆಂಟ್ ಬಿಲ್ಲಿನಲ್ಲಿ ಇಷ್ಟೊಂದು ಚಾರ್ಜ್ ಇದ್ದರೂ ವಿಜ್ಞಾನದ ಅರ್ಥದ ಚಾರ್ಜ್‌ಗೆ ಅಲ್ಲಿ ಲೆಕ್ಕವೇ ಇಲ್ಲ. ಮೀಟರ್ ಅಳೆಯೋದು ಶಕ್ತಿಯನ್ನ, ಕಿಲೋವ್ಯಾಟ್-ಅವರ್‌ನಲ್ಲಿ.

ವಿಜ್ಞಾನದ ಚಾರ್ಜ್‌ನ ಕತೆಯೂ ಹೊರೆಯದ್ದೇ. 1740ರ ದಶಕದಲ್ಲಿ ಯುರೋಪಿನಲ್ಲಿ 'ಲೈಡನ್ ಜಾರ್' ಅಂತ ಒಂದು ಗಾಜಿನ ಜಾಡಿ ಕಂಡುಹಿಡಿದರು. ಅದರಲ್ಲಿ ವಿದ್ಯುತ್ತನ್ನ ತುಂಬಿಡಬಹುದಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಆ ಜಾಡಿಗಳ ಜೊತೆ ಆಟ ಆಡುತ್ತಾ, ಬಂದೂಕಿಗೆ ಮದ್ದು ತುಂಬುವ ಮಾತನ್ನೇ ಅದಕ್ಕೂ ಬಳಸಿದರು. ಜಾಡಿಗಳನ್ನ ಸಾಲಾಗಿ ಜೋಡಿಸಿ ಅದಕ್ಕೆ 'ಬ್ಯಾಟರಿ' ಅಂದರು. ಫಿರಂಗಿಗಳ ಸಾಲಿಗೆ ಇದ್ದ ಹೆಸರು ಅದು. ಪ್ಲಸ್, ಮೈನಸ್ ಅಂತ ಹೆಸರಿಟ್ಟದ್ದೂ ಅವರೇ. ಯಾವುದು ಪ್ಲಸ್ ಅನ್ನೋದು ಬರೀ ಊಹೆ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಪತ್ತೆ ಮಾಡಿದಾಗ ಗೊತ್ತಾಯ್ತು, ತಂತಿಯಲ್ಲಿ ನಿಜವಾಗಿ ಓಡಾಡೋದು ಮೈನಸ್ ಅಂತ. ಅಷ್ಟೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಇವತ್ತಿಗೂ ಎಂಜಿನಿಯರಿಂಗ್ ವಿದ್ಯಾರ್ಥಿ ಕರೆಂಟಿನ ಬಾಣ ಹಾಕೋದು ಎಲೆಕ್ಟ್ರಾನ್ ಹೋಗುವ ದಿಕ್ಕಿಗೆ ಉಲ್ಟಾ.

ನಿಮ್ಮ ಮೊಬೈಲ್ ಬ್ಯಾಟರಿ 5000 ಎಂಎಎಚ್ ಅಂತ ಡಬ್ಬದ ಮೇಲೆ ಇರುತ್ತಲ್ಲ, ಅದು ಅಪ್ಪಟ ಚಾರ್ಜ್‌ನ ಅಳತೆ. ಲೆಕ್ಕ ಹಾಕಿದ್ರೆ 18,000 ಕೂಲಂಬ್. ಎಲೆಕ್ಟ್ರಾನ್ ಎಣಿಸೋಕೆ ಹೋದ್ರೆ ಒಂದರ ಮುಂದೆ 23 ಸೊನ್ನೆ ಹಾಕಬೇಕಾಗುತ್ತೆ. ಹಾಗಂತ ಫುಲ್ ಚಾರ್ಜ್ ಆದ ಬ್ಯಾಟರಿಯೊಳಗೆ ಚಾರ್ಜ್ ಜಾಸ್ತಿ ಆಗಿರುತ್ತಾ? ಇಲ್ಲ! ಒಳಗೆ ಪ್ಲಸ್ ಎಷ್ಟೋ ಮೈನಸ್ಸೂ ಅಷ್ಟೇ. ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಕೂತಿರುತ್ತವೆ, ಅಷ್ಟೇ ವ್ಯತ್ಯಾಸ. ನಮ್ಮ ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಇದಕ್ಕೆ 'ವಿದ್ಯುದಾವೇಶ' ಅಂತಿದ್ದಾರೆ, ಧನಾವೇಶ, ಋಣಾವೇಶ. ಆವೇಶ ಅಂದ್ರೆ ನಮ್ಮ ಕಡೆ ಮೈಮೇಲೆ ದೇವರು ಬರೋದು. ಸ್ಕೂಲಲ್ಲಿ ಇದನ್ನ ಕೇಳಿ ನಕ್ಕಿದ್ದೆ. ಈಗ ಅನ್ನಿಸುತ್ತೆ, ಹೊರೆಗಿಂತ ಅದೇ ಒಳ್ಳೆ ಪದ. ಕಣ್ಣಿಗೆ ಕಾಣಲ್ಲ, ಮೈಯೊಳಗೆ ಬರುತ್ತೆ, ಮುಟ್ಟಿದವರಿಗೆ ಹೊಡೆಯುತ್ತೆ.

ಹೊಡೆಯೋದು ಅಂದ ಮೇಲೆ ಲಾಠಿ ಚಾರ್ಜ್ ಬಂತು. ಇದರ ಹಿಂದೆ ಇರೋದು ಯುದ್ಧಭೂಮಿಯ ಅರ್ಥ, ಕುದುರೆ ಸವಾರರು ಒಟ್ಟಾಗಿ ನುಗ್ಗೋದು. ಆ ಚಾರ್ಜ್‌ನಲ್ಲಿ ನಮ್ಮವರ ಹೆಸರೂ ಇದೆ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನ ಆಟೋಮನ್ ತುರ್ಕರಿಂದ ವಶಪಡಿಸಿಕೊಂಡಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಮೈಸೂರಿನ ಸವಾರರು ನುಗ್ಗಿದರು. ಎದುರಿಗೆ ಮೆಷಿನ್‌ಗನ್, ಇವರ ಕೈಯಲ್ಲಿ ಭರ್ಜಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿರೋ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರನ್ನು ನೆನೆಯೋಕೆ ನಿಲ್ಲಿಸಿದ್ದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು.

ಎದುರಿಗೆ ಆಯುಧ ಇರೋ ಶತ್ರು ಇದ್ದಾಗ ಹುಟ್ಟಿದ ಪದವನ್ನ, ಬೋರ್ಡು ಹಿಡಿದು ನಿಂತ ಜನರ ಮೇಲೆ ಬಳಸೋಕೆ ಶುರು ಮಾಡಿದ್ರು ನೋಡಿ, ಅಲ್ಲಿಂದ ಲಾಠಿ ಚಾರ್ಜ್. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಸೈಮನ್ ಆಯೋಗದ ವಿರುದ್ಧ ಮೆರವಣಿಗೆ ಹೊರಟಿದ್ದ ಲಾಲಾ ಲಜಪತ್ ರಾಯ್ ಅವರಿಗೆ ಬಿದ್ದದ್ದೂ ಲಾಠಿ ಏಟೇ. ನವೆಂಬರ್ 17ಕ್ಕೆ ತೀರಿಕೊಂಡರು. ಹೀಗಿದ್ದೂ ನಾವು ದಿನಾ 'ಲಘು ಲಾಠಿ ಪ್ರಹಾರ' ಅಂತ ಓದ್ತೀವಿ. ಲಘು ಅಂತ ತೂಕ ಹಾಕಿದ್ಯಾರು? ಪೊಲೀಸ್ ಪ್ರಕಟಣೆಯಲ್ಲಿ ಹಾಗೆ ಇರುತ್ತೆ, ನಾವು ಹಾಗೇ ಎತ್ತಿ ಓದ್ತೀವಿ. ಏಟು ತಿಂದವನನ್ನ ಕೇಳಿ ಬರೆದ 'ಲಘು' ಅಲ್ಲ ಅದು. ನನ್ನ ಬುಲೆಟಿನ್‌ನಲ್ಲಿ ಆ ಪದ ಬಂದ್ರೆ ಈಗ ಬಿಟ್ಟು ಓದ್ತೀನಿ.

ಹೊಣೆಯ ಅರ್ಥದಲ್ಲೂ ಎಡವಟ್ಟು ಕಮ್ಮಿ ಇಲ್ಲ. 'ಇನ್‌ಚಾರ್ಜ್ ಮಿನಿಸ್ಟರ್'ಗೆ ನಮ್ಮಲ್ಲಿ 'ಉಸ್ತುವಾರಿ ಸಚಿವ' ಅನ್ನೋ ಪದ ಚೆನ್ನಾಗಿ ಕೂತಿದೆ. ಆದರೆ ರಾಜತಾಂತ್ರಿಕ ಭಾಷೆಯಲ್ಲಿ 'ಶಾರ್ಜೆ ದಫೇರ್' ಅಂತ ಒಂದು ಫ್ರೆಂಚ್ ಹುದ್ದೆ ಇದೆ. ಹೈಕಮಿಷನರ್ ಅಥವಾ ರಾಯಭಾರಿ ಇಲ್ಲದಾಗ ಕಚೇರಿಯ ಹೊಣೆ ಹೊರೋರು. 2019ರ ಆಗಸ್ಟ್‌ನಲ್ಲಿ ಸಂಬಂಧ ಹಳಸಿದ ಮೇಲೆ ಭಾರತ, ಪಾಕಿಸ್ತಾನದ ಹೈಕಮಿಷನ್‌ಗಳನ್ನ ನಡೆಸ್ತಾ ಇರೋದು ಇಂಥ ಅಧಿಕಾರಿಗಳೇ. ಒಂದು ಸಲ ನಮ್ಮ ಡೆಸ್ಕಿನವರು ಇಂಗ್ಲಿಷ್ ಸುದ್ದಿ ನೋಡಿ 'ಅಧಿಕಾರಿ ಮೇಲೆ ಅಫೇರ್ ಆರೋಪ' ಅಂತ ಬರೆದುಬಿಟ್ಟಿದ್ದರು. ಪುಣ್ಯಕ್ಕೆ ಓದುವ ಮೊದಲೇ ಸಿಕ್ಕಿಬಿತ್ತು. ಅವತ್ತು ನಕ್ಕಿದ್ವಿ.

ಆ ಹೆಣ್ಣುಮಗಳ ಫೋನ್ ಬಂದ ದಿನ ನಗು ಬರಲಿಲ್ಲ.

ಕ್ರಿಮಿನಲ್ ಕೇಸಿನಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಎಫ್‌ಐಆರ್. ಯಾರೋ ದೂರು ಕೊಟ್ಟರು, ಪೊಲೀಸರು ಬರೆದುಕೊಂಡರು, ಅಷ್ಟೇ. ಆಮೇಲೆ ತನಿಖೆ. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಒಂದು ವರದಿ ಕೊಡಬೇಕು. ಸಾಕ್ಷ್ಯ ಇಲ್ಲ ಅಂದ್ರೆ ಅದು ಬಿ ರಿಪೋರ್ಟ್. ಇದೆ ಅಂದ್ರೆ ಅದನ್ನೇ ನಾವೆಲ್ಲ ಚಾರ್ಜ್‌ಶೀಟ್ ಅನ್ನೋದು. ಹಳೇ ಸಿಆರ್‌ಪಿಸಿಯ 173ನೇ ಸೆಕ್ಷನ್ ಆಗಲಿ, 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಆಗಲಿ, ಅದಕ್ಕೆ ಕಾನೂನಿನಲ್ಲಿರೋ ಹೆಸರು ಪೊಲೀಸ್ ವರದಿ. ಅಂದ್ರೆ ಪೊಲೀಸರ ಅಭಿಪ್ರಾಯ. ನಮ್ಮ ಪ್ರಕಾರ ಇವರು ತಪ್ಪು ಮಾಡಿದ್ದಾರೆ, ನಮ್ಮ ಸಾಕ್ಷಿ ಇವು, ನೀವು ನೋಡಿ ಸ್ವಾಮಿ ಅಂತ ಕೋರ್ಟಿಗೆ ಒಪ್ಪಿಸೋದು.

ಇನ್ನೊಂದು ವಿಷಯ. ಆರೋಪಿ ಕಸ್ಟಡಿಯಲ್ಲಿದ್ದರೆ ಅಪರಾಧದ ಗಂಭೀರತೆ ನೋಡಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಇಲ್ಲ ಅಂದ್ರೆ ಜಾಮೀನು ಆರೋಪಿಯ ಹಕ್ಕಾಗುತ್ತೆ. ಹೀಗಾಗಿ 89ನೇ ದಿನ ಸಾವಿರಾರು ಪುಟ ಹೊತ್ತುಕೊಂಡು ಪೊಲೀಸರು ಕೋರ್ಟಿಗೆ ಓಡೋದನ್ನ ನಾವು ಲೈವ್ ತೋರಿಸ್ತೀವಿ. ಪುಟ ಎಷ್ಟು ಅಂತಾನೂ ದೊಡ್ಡ ಅಕ್ಷರದಲ್ಲಿ ಹಾಕ್ತೀವಿ. ಪುಟ ಜಾಸ್ತಿ ಇದ್ರೆ ತಪ್ಪು ಜಾಸ್ತಿ ಅಂತ ನೋಡೋರಿಗೆ ಅನ್ನಿಸುತ್ತೆ. ಅದರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಜೆರಾಕ್ಸೇ ಅರ್ಧ ಇರಬಹುದು.

ಚಾರ್ಜ್‌ಶೀಟ್ ಬಂದ ಮೇಲೆ ಕೋರ್ಟು ಅದನ್ನ ಪರಿಗಣನೆಗೆ ತಗೊಳ್ಳುತ್ತೆ. ಆಗ ಆರೋಪಿ, ನನ್ನ ಮೇಲೆ ಕೇಸು ನಡೆಸೋಕೆ ಆಧಾರವೇ ಇಲ್ಲ, ಕೈಬಿಡಿ ಅಂತ ಕೇಳಬಹುದು. ಅದೇ ಡಿಸ್ಚಾರ್ಜ್ ಅರ್ಜಿ. ಕೋರ್ಟ್ ಒಪ್ಪದಿದ್ರೆ ಮುಂದಿನ ಹಂತ 'ಚಾರ್ಜ್ ಫ್ರೇಮ್', ದೋಷಾರೋಪ ನಿಗದಿ. ಕಾನೂನಿನ ನಿಜವಾದ ಚಾರ್ಜ್ ಹುಟ್ಟೋದೇ ಇಲ್ಲಿ. ನ್ಯಾಯಾಧೀಶರು ಆರೋಪವನ್ನ ಓದಿ, ಅರ್ಥ ಆಗುವ ಹಾಗೆ ವಿವರಿಸಿ, ತಪ್ಪು ಒಪ್ಕೊಳ್ತೀರಾ, ವಿಚಾರಣೆ ಬೇಕಾ ಅಂತ ಕೇಳ್ತಾರೆ. ಆಗಲೂ ಏನೂ ಸಾಬೀತಾಗಿರಲ್ಲ. ವಿಚಾರಣೆ ಮಾಡೋಕೆ ತಕ್ಕಷ್ಟು ಆಧಾರ ಕಾಣಿಸ್ತಿದೆ ಅಂತ ಮಾತ್ರ ಅರ್ಥ. ಸಾಬೀತಾಯ್ತೋ ಇಲ್ವೋ ಅನ್ನೋದು ಸಾಕ್ಷಿ, ಪಾಟೀಸವಾಲು ಎಲ್ಲ ಆಗಿ ತೀರ್ಪು ಬಂದ ದಿನ. ಅಲ್ಲಿವರೆಗೆ ಆತ ಆರೋಪಿ. ತೀರ್ಪು ವಿರುದ್ಧ ಬಂದ್ರೆ ಮಾತ್ರ ಅಪರಾಧಿ.

ಒಂದು ವಿಚಿತ್ರ ಹೇಳ್ತೀನಿ. 'ಚಾರ್ಜ್' ಅಂದ್ರೆ ಏನು ಅಂತ ಈ ಕಾನೂನಿನ ವ್ಯಾಖ್ಯೆಗಳಲ್ಲಿ ಹುಡುಕಿದೆ. ಒಂದಕ್ಕಿಂತ ಹೆಚ್ಚು ಆರೋಪ ಇದ್ದಾಗ ಅದರಲ್ಲಿ ಪ್ರತಿಯೊಂದೂ ಚಾರ್ಜ್‌ನಲ್ಲಿ ಸೇರುತ್ತೆ ಅಂತ ಇದೆ. ಚಾರ್ಜ್ ಅಂದ್ರೆ ಏನು ಅಂತ ಇಲ್ಲ! ಹಳೇದರಲ್ಲೂ ಹಾಗೇ, ಹೊಸದರಲ್ಲೂ ಹಾಗೇ. ಕಾನೂನು ಬರೆದವರೇ ಜಾರಿಕೊಂಡಿರೋ ಪದವನ್ನ ನಾವು ಮೂವತ್ತು ಸೆಕೆಂಡಿನಲ್ಲಿ ಓದಿ ಮುಗಿಸ್ತೀವಿ.

ಕನ್ನಡದ ಪದವೂ ಇಲ್ಲಿ ಸ್ವಲ್ಪ ತೊಂದರೆ ಕೊಡುತ್ತೆ. 'ದೋಷಾರೋಪ ಪಟ್ಟಿ' ಅಂತ ಓದಿದಾಗ ಮನೆಯಲ್ಲಿ ಕೂತವರ ಕಿವಿಗೆ ಮೊದಲು ಬೀಳೋದು 'ದೋಷ'. ಆರೋಪ ಆಮೇಲೆ. ಅದಕ್ಕೇ 'ಆರೋಪಪಟ್ಟಿ' ಸಾಕು ಅನ್ನೋದು ನನ್ನ ವಾದ. ಡೆಸ್ಕಿನಲ್ಲಿ ಎಲ್ಲರೂ ಒಪ್ಪಿಲ್ಲ. ಜಿ. ವೆಂಕಟಸುಬ್ಬಯ್ಯನವರು ಇದ್ದಿದ್ರೆ 'ಇಗೋ ಕನ್ನಡ'ಕ್ಕೆ ಒಂದು ಕಾಗದ ಹಾಕಿ ಕೇಳಬಹುದಿತ್ತು.

ಅವತ್ತು ಆ ಸಾಲನ್ನ ತಕ್ಷಣ ತೆಗೆಸಿದೆ. ಮಧ್ಯಾಹ್ನ 3 ಗಂಟೆಗೆ ಕ್ಯಾಮೆರಾ ನೋಡಿಕೊಂಡೇ, ಬೆಳಗ್ಗೆ ತಪ್ಪಾಗಿ ಓದಿದ್ವಿ, ಪೊಲೀಸರು ಆರೋಪಪಟ್ಟಿ ಸಲ್ಲಿಸಿದ್ದಾರೆ ಅಷ್ಟೇ ಅಂತ ಹೇಳಿದೆ. ಸಂಜೆ ಆಕೆ ಮತ್ತೆ ಫೋನ್ ಮಾಡಿದ್ರು. "ಥ್ಯಾಂಕ್ಸ್ ಸರ್. ಆದ್ರೆ ನಮ್ಮ ಬೀದಿಯಲ್ಲಿ 3 ಗಂಟೆಗೆ ಯಾರೂ ಟಿವಿ ನೋಡಲ್ಲ" ಅಂದರು.

ಒಂದೂವರೆ ವರ್ಷ ಆದ ಮೇಲೆ ಅದೇ ಕೇಸು ಮತ್ತೆ ಸುದ್ದಿಗೆ ಬಂತು. ನಾಲ್ಕನೆಯವರ ಮೇಲೆ ವಿಚಾರಣೆ ನಡೆಸೋಕೆ ಆಧಾರ ಇಲ್ಲ ಅಂತ ಕೋರ್ಟ್ ಡಿಸ್ಚಾರ್ಜ್ ಮಾಡಿತ್ತು. ಉಳಿದ ಮೂವರ ಮೇಲೆ ಚಾರ್ಜ್ ಫ್ರೇಮ್ ಆಗಿತ್ತು. ನಾನು ರಜೆಯಲ್ಲಿದ್ದೆ. ಮನೆಯಲ್ಲಿ ಕೂತು ನಮ್ಮದೇ ಚಾನೆಲ್ ನೋಡ್ತಿದ್ದೆ. ಕೆಳಗಡೆ ಓಡಿದ್ದು: 'ಸಹಕಾರ ಸಂಘ ಹಗರಣ: ನಾಲ್ಕನೇ ಆರೋಪಿ ಬಿಡುಗಡೆ.'

ಎದೆ ಧಸಕ್ಕೆಂದಿತು. ಡಿಸ್ಚಾರ್ಜ್ ಪದಕ್ಕೂ ನಾಲ್ಕು ಮುಖ ಇದೆ ನೋಡಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ್ರೆ ಬಿಡುಗಡೆ. ಬ್ಯಾಟರಿ ಡಿಸ್ಚಾರ್ಜ್ ಆದ್ರೆ ಖಾಲಿ. ಕೆಆರ್‌ಎಸ್‌ನಲ್ಲಿ ಎಂಜಿನಿಯರುಗಳು ಡಿಸ್ಚಾರ್ಜ್ ಅಂದ್ರೆ ಹೊರಹರಿವು, ಕ್ಯುಸೆಕ್ ಲೆಕ್ಕ, ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ ನೀರು. ಕೋರ್ಟಲ್ಲಿ ಅದರ ಅರ್ಥ ಹೊರಿಸಿದ್ದನ್ನ ಇಳಿಸೋದು. ಪದದ ಮೂಲಾರ್ಥಕ್ಕೆ ಎಲ್ಲಕ್ಕಿಂತ ಹತ್ತಿರ ಇರೋದು ಇದೇ. ವಿಚಾರಣೆ ನಡೆದು ತೀರ್ಪಿನಲ್ಲಿ ಬಿಟ್ಟರೆ ಅದು ಖುಲಾಸೆ, ಮತ್ತೆ ಅದೇ ಅಪರಾಧಕ್ಕೆ ಕಟಕಟೆಗೆ ತರೋ ಹಾಗಿಲ್ಲ. ಡಿಸ್ಚಾರ್ಜ್ ಖುಲಾಸೆ ಅಲ್ಲ, ಮುಂದೆ ಹೊಸ ಸಾಕ್ಷ್ಯ ಸಿಕ್ಕರೆ ಕರೆಯಬಹುದು. ಆದರೆ ಬಿಡುಗಡೆಯಂತೂ ಖಂಡಿತ ಅಲ್ಲ. ಬಿಡುಗಡೆ ಅಂದ ಕೂಡಲೇ ಜನ ನೋಡೋದು ಜೈಲಿನ ಗೇಟು.

ಡೆಸ್ಕಿಗೆ ಫೋನ್ ಮಾಡೋ ಮೊದಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ಅದೇ ನಂಬರ್.

"ಸರ್, ನಮ್ಮಪ್ಪ ಒಂದು ದಿನಾನೂ ಜೈಲಿಗೆ ಹೋಗಿಲ್ಲ. ಬಿಡುಗಡೆ ಎಲ್ಲಿಂದ ಸರ್?"

ಹತ್ತು ನಿಮಿಷದಲ್ಲಿ ಬದಲಾಯಿಸಿದ್ವಿ. 'ನಾಲ್ಕನೇ ವ್ಯಕ್ತಿಯನ್ನು ಆರೋಪದಿಂದ ಕೈಬಿಟ್ಟ ಕೋರ್ಟ್.' ಉದ್ದ ಆಯ್ತು, ಪಟ್ಟಿಯಲ್ಲಿ ಕೂರಲ್ಲ ಅಂತ ಗ್ರಾಫಿಕ್ಸ್‌ನವರು ಗೊಣಗಿದರು. ಅಕ್ಷರ ಸಣ್ಣದು ಮಾಡಿ ಕೂರಿಸಿದರು. ಈ ಸಲ 3 ಗಂಟೆಗೆ ಬೇಡ, ರಾತ್ರಿ 9ರ ಬುಲೆಟಿನ್‌ನಲ್ಲಿ ಓದಿ ಅಂತ ಕೇಳಿಕೊಂಡೆ. ಓದಿದರು.

ಮರುದಿನ ಆಕೆ ಒಂದು ಫೋಟೋ ಕಳಿಸಿದ್ದರು. ಮನೆಯ ಟಿವಿ ಪರದೆಯದ್ದು. ಸ್ವಲ್ಪ ಅಲುಗಾಡಿದೆ, ಪರದೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದಿದೆ, ಆದರೆ ಕೆಳಗಿನ ಸಾಲು ಓದೋಕೆ ಬರುತ್ತೆ. ಜೊತೆಗೆ ಒಂದು ವಾಯ್ಸ್ ಮೆಸೇಜ್: "ಇದು ನಮ್ಮಪ್ಪನೇ ತೆಗೆದಿದ್ದು ಸರ್. ಸ್ಟುಡಿಯೋಗೆ ಹೋಗಿ ಎರಡು ಕಾಪಿ ಹಾಕಿಸಿಕೊಂಡು ಬಂದಿದ್ದಾರೆ. ಯಾರಾದ್ರೂ ಕೇಳಿದ್ರೆ ತೋರಿಸ್ತಾರಂತೆ."